ಪ್ಯಾಕೆಟ್ಟಿನ ಮುಂಭಾಗ ಹೇಳುವುದು, ಹಿಂಭಾಗ ಒಪ್ಪಿಕೊಳ್ಳುವುದು

ಪ್ರಶ್ನೆ: ನನ್ನ ಮಗಳಿಗೆ 10 ವರ್ಷ. ಶಾಲೆಯಿಂದ ಬಂದ ಮೇಲೆ ಕರಿದ ತಿಂಡಿ ಬೇಡ ಅಂತ ಎರಡು ವರ್ಷದಿಂದ ‘ಮಲ್ಟಿಗ್ರೇನ್’ ಬಿಸ್ಕತ್ತು, ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದಿರುವ ಹಣ್ಣಿನ ಜ್ಯೂಸ್ ಕೊಡುತ್ತಿದ್ದೇನೆ. ಈಚೆಗೆ ಡಾಕ್ಟರು ಅವಳ ತೂಕ ವಯಸ್ಸಿಗೆ ಜಾಸ್ತಿ ಇದೆ ಅಂದರು. ಏನೇನು ತಿನ್ನುತ್ತಾಳೆ ಎಂದು ಕೇಳಿ, ಈ ಎರಡನ್ನೇ ಮೊದಲು ಕಡಿಮೆ ಮಾಡಿ ಎಂದರು. ನನಗೆ ಮೋಸ ಹೋದ ಹಾಗೆ ಅನ್ನಿಸಿತು. ಕಂಪನಿಗಳು ಪ್ಯಾಕೆಟ್ ಮೇಲೆ ಸುಳ್ಳು ಬರೆಯುತ್ತವೆಯೇ? ಪ್ಯಾಕೆಟ್ ಆಹಾರವನ್ನೇ ಪೂರ್ತಿ ಬಿಡಬೇಕೇ? ‘ಎಲ್ಲದರಲ್ಲೂ ಕಲಬೆರಕೆ ಇದೆ, ಸುಮ್ನೆ ತಲೆ ಕೆಡಿಸಿಕೊಂಡು ಏನು ಪ್ರಯೋಜನ’ ಅನ್ನುತ್ತಾರೆ ನಮ್ಮ ಮನೆಯವರು. ಜ್ಯೂಸ್ ಇನ್ನೂ ಆರು ಡಬ್ಬಿ ಉಳಿದಿದೆ. ಎಸೆಯಲಾ?

ಉತ್ತರ: ಮೊದಲಿಗೆ, ನೀವು ಅಸಡ್ಡೆ ಮಾಡಿದವರಲ್ಲ. ಪ್ಯಾಕೆಟ್ ಓದಿದ್ದೀರಿ, ಯೋಚನೆ ಮಾಡಿ ಆರಿಸಿದ್ದೀರಿ. ನೀವು ಓದಿದ ಮಾತುಗಳಲ್ಲಿ ಬಹುಶಃ ಒಂದೂ ಸುಳ್ಳಿರಲಿಕ್ಕಿಲ್ಲ. ಕಷ್ಟ ಇರುವುದು ಅಲ್ಲೇ. ಸುಳ್ಳು ಹೇಳಿದವರನ್ನು ಹಿಡಿಯಬಹುದು. ನಿಜವನ್ನೇ ಅರ್ಧ ಹೇಳಿ ನಿಲ್ಲಿಸಿದವರನ್ನು ಹಿಡಿಯುವುದು ಕಷ್ಟ.

ನಾನು ಆಹಾರ ತಂತ್ರಜ್ಞೆ. ಹನ್ನೆರಡು ವರ್ಷ ಒಂದು ಬಿಸ್ಕತ್ತು ಕಂಪನಿಯಲ್ಲಿ ಹೊಸ ಉತ್ಪನ್ನ ರೂಪಿಸುವ ಕೆಲಸ ಮಾಡಿದ್ದೇನೆ. ಅಲ್ಲಿನ ಒಂದು ಸಭೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೇಜಿನ ಮೇಲೆ ಒಂದೇ ಬಿಸ್ಕತ್ತಿನ ಎರಡು ಪ್ಯಾಕೆಟ್ ಮಾದರಿ ಇಟ್ಟಿದ್ದರು. ಒಂದರ ಹಿಂದೆ ‘ಒಂದು ಸರ್ವಿಂಗ್ ಎಂದರೆ 4 ಬಿಸ್ಕತ್ತು, ಸಕ್ಕರೆ 9 ಗ್ರಾಂ’ ಎಂದಿತ್ತು. ಸರ್ವಿಂಗ್ ಎಂದರೆ ಒಂದು ಸಲಕ್ಕೆ ಇಷ್ಟು ತಿನ್ನುತ್ತಾರೆ ಎಂದು ಪ್ಯಾಕೆಟ್ ಹೇಳುವ ಪ್ರಮಾಣ. ಇನ್ನೊಂದರ ಹಿಂದೆ ‘ಒಂದು ಸರ್ವಿಂಗ್ ಎಂದರೆ 2 ಬಿಸ್ಕತ್ತು, ಸಕ್ಕರೆ 4.5 ಗ್ರಾಂ’. ಹಿಟ್ಟು ಅದೇ, ಓವನ್ ಅದೇ, ಸಕ್ಕರೆಯ ಮೂಟೆಯೂ ಅದೇ. ಬದಲಾಗಿದ್ದು ಒಂದು ಅಂಕಿ ಮಾತ್ರ. ಎರಡನೆಯ ಮಾದರಿಯೇ ಮಾರುಕಟ್ಟೆಗೆ ಹೋಯಿತು. ಒಪ್ಪಿಗೆ ಕೊಟ್ಟವರಲ್ಲಿ ನಾನೂ ಒಬ್ಬಳು. ಎರಡೇ ಬಿಸ್ಕತ್ತು ತಿಂದು ಕೈ ತೊಳೆದು ಎದ್ದು ಹೋಗುವ ಮಗುವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಆಗಲೂ ನನಗೆ ಅದು ಗೊತ್ತಿತ್ತು. ಅದಕ್ಕೇ ಆ ಸಹಿ ಈಗಲೂ ಚುಚ್ಚುತ್ತದೆ.

ಹಾಗಾಗಿ ನಾನು ಕೊಡುವ ಮೊದಲ ಸಲಹೆ ಇದು: ‘ಒಂದು ಸರ್ವಿಂಗ್‌ಗೆ’ ಎನ್ನುವ ಸಾಲನ್ನು ಬಿಟ್ಟುಬಿಡಿ. ‘100 ಗ್ರಾಂಗೆ’ ಎಂಬ ಸಾಲು ನೋಡಿ. ಸರ್ವಿಂಗ್ ಎಷ್ಟು ಎಂಬುದರಲ್ಲಿ ಕಂಪನಿಯ ಕೈ ಆಡಬಹುದು. 100 ಗ್ರಾಂ ಎಲ್ಲರಿಗೂ 100 ಗ್ರಾಂ. ಬ್ರಿಟನ್ನಿನಲ್ಲಿ ಪ್ಯಾಕೆಟ್ ಮೇಲೆ ಕೆಂಪು, ಹಳದಿ, ಹಸಿರು ಗುರುತು ಹಾಕುವ ಪದ್ಧತಿ ಇದೆ. ಅದರ ಪ್ರಕಾರ ಗಟ್ಟಿ ಆಹಾರದಲ್ಲಿ 100 ಗ್ರಾಂಗೆ 22.5 ಗ್ರಾಂ ದಾಟಿ ಸಕ್ಕರೆ ಇದ್ದರೆ ಕೆಂಪು, 5 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹಸಿರು. ಉಪ್ಪು 1.5 ಗ್ರಾಂ ದಾಟಿದರೆ ಕೆಂಪು. ನೀವು ಯಾವ ದೇಶದಲ್ಲಿದ್ದರೂ ಈ ಅಂಕಿಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಮೇಲೆ ಹೇಳಿದ ಬಿಸ್ಕತ್ತು ಒಂದೊಂದು 9 ಗ್ರಾಂ ತೂಗುತ್ತಿತ್ತು. ಲೆಕ್ಕ ಹಾಕಿದರೆ 100 ಗ್ರಾಂಗೆ 25 ಗ್ರಾಂ ಸಕ್ಕರೆ, ಅಂದರೆ ಕೆಂಪು. ‘4.5 ಗ್ರಾಂ’ ಅಂತ ಓದಿದವರಿಗೆ ಇದು ಹೊಳೆಯುವುದಾದರೂ ಹೇಗೆ?

ಪ್ಯಾಕೆಟ್ ಮೇಲೆ ಉಪ್ಪಿನ ಬದಲು ಸೋಡಿಯಂ ಎಂದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಿ, ಉಪ್ಪು ಎಷ್ಟೆಂದು ಸಿಗುತ್ತದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪಿನ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳಿಗೆ ಅದಕ್ಕಿಂತ ಕಡಿಮೆ.

ಸರ್ವಿಂಗ್ ಆಟದಿಂದ ಆಗುವ ಅನ್ಯಾಯಕ್ಕೆ ಟ್ರಾನ್ಸ್ ಕೊಬ್ಬಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಎಣ್ಣೆಯನ್ನು ಭಾಗಶಃ ಗಟ್ಟಿ ಮಾಡುವಾಗ ಹುಟ್ಟುವ ಈ ಕೊಬ್ಬು ಹೃದಯಕ್ಕೆ ನೇರವಾಗಿ ಕೆಟ್ಟದ್ದು. ಅಮೆರಿಕದ ನಿಯಮದ ಪ್ರಕಾರ ಒಂದು ಸರ್ವಿಂಗ್‌ನಲ್ಲಿ ಅರ್ಧ ಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ‘0’ ಎಂದೇ ಬರೆಯಬಹುದು. ಸರ್ವಿಂಗ್‌ಗೆ 0.4 ಗ್ರಾಂ ಇದೆ ಅಂದುಕೊಳ್ಳಿ. ಐದು ಸರ್ವಿಂಗ್ ತಿಂದವರ ಹೊಟ್ಟೆಗೆ 2 ಗ್ರಾಂ ಹೋಯಿತು. ದಿನಕ್ಕೆ ಸುಮಾರು 2.2 ಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಐದು ಸೊನ್ನೆ ಕೂಡಿದರೆ ಮಿತಿಯ ಹತ್ತಿರ ಬಂದು ನಿಂತಿತು, ನೋಡಿ. ಇಂಥ ಕಡೆ ಸತ್ಯ ಸಿಗುವುದು ಪದಾರ್ಥಗಳ ಪಟ್ಟಿಯಲ್ಲಿ. ‘ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ’ ಎಂದಿದ್ದರೆ ಆ ಪ್ಯಾಕೆಟ್ಟನ್ನು ವಾಪಸ್ ಇಟ್ಟುಬಿಡಿ. ಡೆನ್ಮಾರ್ಕ್ 2003ರಲ್ಲೇ ಟ್ರಾನ್ಸ್ ಕೊಬ್ಬಿಗೆ ಕಾನೂನಿನ ಮಿತಿ ಹಾಕಿತು. ಅಲ್ಲಿ ಬಿಸ್ಕತ್ತು ಸಿಗುವುದು ನಿಂತುಹೋಗಲಿಲ್ಲ, ಒಳಗಿನ ಕೊಬ್ಬು ಬದಲಾಯಿತು. ಮಾಡಲು ಬರುತ್ತದೆ ಅಂತಾಯಿತು ಅಲ್ವಾ?

ಈಗ ನಿಮ್ಮ ಮಲ್ಟಿಗ್ರೇನ್ ಬಿಸ್ಕತ್ತಿಗೆ ಬರೋಣ. ಮಲ್ಟಿಗ್ರೇನ್ ಎಂದರೆ ಹಲವು ಧಾನ್ಯ ಇದೆ ಎಂದಷ್ಟೇ ಅರ್ಥ. ಎಷ್ಟಿದೆ, ತೌಡು ಉಳಿದಿದೆಯೋ ಇಲ್ಲವೋ, ಆ ಪದ ಹೇಳುವುದಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು, ಕಡಿಮೆಯದ್ದು ಕೊನೆಗೆ ಬರಬೇಕು ಎಂಬುದು ಬಹುತೇಕ ಎಲ್ಲ ಕಡೆ ನಿಯಮ. ಇಂಥ ಬಿಸ್ಕತ್ತಿನ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ಮೈದಾ, ಸಕ್ಕರೆ, ತಾಳೆ ಎಣ್ಣೆ, ಇನ್ವರ್ಟ್ ಸಿರಪ್, ಓಟ್ಸ್ 4%, ಮಾಲ್ಟ್ ಎಕ್ಸ್‌ಟ್ರಾಕ್ಟ್, ಬಾರ್ಲಿ 1%, ಉಪ್ಪು. ಮುಂಭಾಗದಲ್ಲಿ ತೆನೆಗಳ ಚಿತ್ರ ಪೂರ್ತಿ ಹರಡಿರುತ್ತದೆ. ಒಳಗೆ ಅವು ನೂರಕ್ಕೆ ಐದು ಪಾಲು.

ಇದೇ ಪಟ್ಟಿಯಲ್ಲಿ ಇನ್ನೊಂದು ಜಾಣತನ ಅಡಗಿದೆ. ಸಕ್ಕರೆ ಒಂದೇ ಹೆಸರಿನಲ್ಲಿ ಬರುವುದಿಲ್ಲ. ಇನ್ವರ್ಟ್ ಸಿರಪ್ ಸಕ್ಕರೆಯೇ. ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್, ಜೇನುತುಪ್ಪ, ಹಣ್ಣಿನ ರಸದ ಕಾನ್ಸಂಟ್ರೇಟ್ ಎಲ್ಲವೂ ಸಿಹಿಗಾಗಿಯೇ ಹಾಕುವಂಥವು. ಮಾಲ್ಟ್ ಎಕ್ಸ್‌ಟ್ರಾಕ್ಟಿನ ಬಹುಪಾಲೂ ಸಕ್ಕರೆಯೇ. ಎಲ್ಲವನ್ನೂ ಕೂಡಿಸಿ ಒಂದೇ ಹೆಸರಲ್ಲಿ ಬರೆದರೆ ಕೆಲವು ಸಲ ಸಕ್ಕರೆಯೇ ಪಟ್ಟಿಯ ತಲೆಯಲ್ಲಿ ಕೂರಬೇಕಾಗುತ್ತದೆ. ನಾಲ್ಕಾಗಿ ಒಡೆದರೆ ನಾಲ್ಕೂ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತವೆ. ಮಾಲ್ಟೋಡೆಕ್ಸ್‌ಟ್ರಿನ್ ಅಂತ ಒಂದಿದೆ. ಅದು ಪಿಷ್ಟವನ್ನು ತುಂಡರಿಸಿ ಮಾಡಿದ ಪುಡಿ. ‘ಸಕ್ಕರೆ’ ಎನ್ನುವ ಸಾಲಿನಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ‘ಕಾರ್ಬೋಹೈಡ್ರೇಟ್’ನಲ್ಲಿ ಸೇರಿಹೋಗುತ್ತದೆ. ರಕ್ತದ ಸಕ್ಕರೆಯನ್ನು ಮಾತ್ರ ಹೆಚ್ಚುಕಡಿಮೆ ಗ್ಲೂಕೋಸಿನಷ್ಟೇ ಬೇಗ ಏರಿಸುತ್ತದೆ.

ಮೊದಲ ಮೂರು ಪದಾರ್ಥ ಏನೇನು ಎಂದು ನೋಡಿ. ತಿನಿಸು ಬಹುಪಾಲು ಅವೇ. ಪುರುಸೊತ್ತು ಇಲ್ಲದಿದ್ದರೆ ಉಳಿದದ್ದರಲ್ಲಿ ಸಕ್ಕರೆಯ ಬೇರೆ ಹೆಸರುಗಳು, ಹೈಡ್ರೋಜನೀಕರಿಸಿದ ಎಣ್ಣೆ ಇವೆಯೇ ಎಂದು ಕಣ್ಣಾಡಿಸಿದರೂ ಸಾಕು.

ಜ್ಯೂಸ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ತಾಯಂದಿರು ಹೆಚ್ಚು ಮೋಸ ಹೋಗುವುದು ಇಲ್ಲಿ. ‘ಸಕ್ಕರೆ ಸೇರಿಸಿಲ್ಲ’ ಎಂಬುದು ನಿಜ. ಸೇರಿಸಬೇಕಾದ ಅಗತ್ಯವೇ ಇರಲಿಲ್ಲ. ಕಿತ್ತಳೆಯದ್ದಾಗಲಿ ಸೇಬಿನದ್ದಾಗಲಿ, ಜ್ಯೂಸಿನಲ್ಲಿ 100 ಮಿಲಿಗೆ ಹೆಚ್ಚುಕಡಿಮೆ 10 ಗ್ರಾಂ ಸಕ್ಕರೆ ತಾನಾಗಿಯೇ ಇರುತ್ತದೆ. ನಾಳೆ ಒಂದು ಕೆಲಸ ಮಾಡಿ. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಒಂದು ಖಾಲಿ ಲೋಟ, ಒಂದು ಟೀ ಚಮಚ, ಸಕ್ಕರೆ ಡಬ್ಬಿ ಇಟ್ಟುಕೊಳ್ಳಿ. ಒಂದು ಸಮ ಚಮಚ ಎಂದರೆ ಸುಮಾರು 4 ಗ್ರಾಂ. 200 ಮಿಲಿಯ ಜ್ಯೂಸ್ ಡಬ್ಬಿಗೆ 20 ಗ್ರಾಂ. ಒಂದು, ಎರಡು, ಮೂರು, ನಾಲ್ಕು, ಐದು ಅಂತ ಅವಳೇ ಹಾಕಲಿ. ಲೋಟದ ತಳದಲ್ಲಿ ಬಿದ್ದ ಆ ಬಿಳಿ ಗುಡ್ಡೆಯನ್ನು ಅವಳು ಕಣ್ಣಾರೆ ನೋಡಲಿ. ನಾನು ತರಬೇತಿಗಳಲ್ಲಿ ಇದನ್ನು ಎಷ್ಟೋ ಸಲ ಮಾಡಿದ್ದೇನೆ. ಮೂರನೇ ಚಮಚಕ್ಕೆ ಮಕ್ಕಳು ಮಾತು ನಿಲ್ಲಿಸುತ್ತಾರೆ. ನೀವು ಬಾಯಿ ಬಿಟ್ಟು ಏನೂ ಹೇಳಬೇಕಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2015ರ ಸಲಹೆಯಲ್ಲಿ ಜ್ಯೂಸಿನ ಸಕ್ಕರೆಯನ್ನೂ ಮೇಲಿಂದ ಹಾಕಿದ ಸಕ್ಕರೆಯ ಜೊತೆಗೇ ಲೆಕ್ಕ ಹಾಕಿದೆ. ದಿನಕ್ಕೆ 2000 ಕ್ಯಾಲೊರಿ ಬೇಕಾಗುವವರು ಇಂಥ ಸಕ್ಕರೆಯನ್ನು 50 ಗ್ರಾಂ ಒಳಗೆ ಇಟ್ಟುಕೊಳ್ಳಬೇಕು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ಮಗಳಿಗೆ ಅಷ್ಟು ಕ್ಯಾಲೊರಿ ಬೇಕಾಗದಿದ್ದರೆ ಅವಳ ಮಿತಿ ಇನ್ನೂ ಕಡಿಮೆ. ಒಂದು ಡಬ್ಬಿ ಜ್ಯೂಸಿನ ಜೊತೆ ಅಂಥ ನಾಲ್ಕು ಬಿಸ್ಕತ್ತು ತಿಂದರೆ ಸಂಜೆ ಒಂದೇ ಹೊತ್ತಿಗೆ 29 ಗ್ರಾಂ ಆಯಿತು.

ಹಾಗಾದರೆ ಹಣ್ಣೂ ಬೇಡವೇ ಅಂತ ಕೇಳುತ್ತೀರಿ. ಹಣ್ಣು ಬೇಕು. ಇಡೀ ಹಣ್ಣಿನಲ್ಲಿ ಸಕ್ಕರೆ ನಾರಿನ ಜೊತೆ ಹೆಣೆದುಕೊಂಡಿರುತ್ತದೆ. ಅಗಿಯಬೇಕು, ಹೊತ್ತು ಹಿಡಿಯುತ್ತದೆ, ಹೊಟ್ಟೆ ತುಂಬಿದ್ದು ಗೊತ್ತಾಗುತ್ತದೆ. ಒಂದು ಲೋಟ ಜ್ಯೂಸಿಗೆ ಮೂರು ನಾಲ್ಕು ಹಣ್ಣು ಹಿಂಡಬೇಕಾಗಬಹುದು. ಅದೇ ಮಗು ಕೂತು ಮೂರು ನಾಲ್ಕು ಹಣ್ಣು ಒಟ್ಟಿಗೆ ತಿನ್ನುತ್ತದೆಯೇ? ಒಂದಕ್ಕೇ ಸಾಕು ಅನ್ನುತ್ತದೆ.

ಪ್ಯಾಕೆಟ್ ಮೇಲಿನ ಉಳಿದ ಮಾತುಗಳನ್ನು ಬೇಗ ಮುಗಿಸುತ್ತೇನೆ. ‘ಕೊಬ್ಬು ರಹಿತ’ ಎಂದಿದ್ದರೆ ಕೊಬ್ಬು ತೆಗೆದ ಜಾಗಕ್ಕೆ ಏನು ತುಂಬಿದ್ದಾರೆ ನೋಡಿ. ರುಚಿ ಉಳಿಸಲು ಅನೇಕ ಸಲ ಸಕ್ಕರೆ ಅಥವಾ ಪಿಷ್ಟ ಬಂದಿರುತ್ತದೆ. ‘ವಿಟಮಿನ್‌ಗಳ ಶಕ್ತಿ’ ಎಂದರೆ ಒಂದು ಚಿಟಿಕೆ ವಿಟಮಿನ್ ಪುಡಿ ಸೇರಿಸಿದ್ದಾರೆ ಎಂದಷ್ಟೇ. ಅದರಿಂದ ಒಳಗಿದ್ದ ಸಕ್ಕರೆ ಹೊರಗೆ ಹೋಗುವುದಿಲ್ಲ. ‘ನೈಸರ್ಗಿಕ’ ಎಂಬ ಪದವನ್ನು ನಾನಂತೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇಷ್ಟೊಂದು ಜನ ಇಷ್ಟು ವರ್ಷ ಕೊಬ್ಬಿಗೆ ಹೆದರಿ ಸಕ್ಕರೆಯನ್ನು ಹಗುರವಾಗಿ ತೆಗೆದುಕೊಂಡದ್ದರ ಹಿಂದೆ ಒಂದು ಕಥೆಯೂ ಇದೆ. 1960ರ ದಶಕದಲ್ಲಿ ಅಮೆರಿಕದ ಸಕ್ಕರೆ ಉದ್ಯಮದ ಸಂಸ್ಥೆ ‘ಶುಗರ್ ರಿಸರ್ಚ್ ಫೌಂಡೇಶನ್’ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳಿಗೆ ಹಣ ಕೊಟ್ಟು ಒಂದು ವಿಮರ್ಶಾ ಲೇಖನ ಬರೆಸಿತು. 1967ರಲ್ಲಿ ದೊಡ್ಡ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅದು ಪ್ರಕಟವಾಯಿತು. ಹೃದಯದ ಕಾಯಿಲೆಯಲ್ಲಿ ಸಕ್ಕರೆಯ ಪಾತ್ರವನ್ನು ಅದು ಸಣ್ಣದು ಮಾಡಿ ತೋರಿಸಿತು, ಬೆರಳು ಕೊಬ್ಬಿನ ಕಡೆ ಮಾಡಿತು. ಹಣ ಕೊಟ್ಟವರು ಯಾರು ಎಂದು ಲೇಖನದಲ್ಲಿ ಹೇಳಿರಲಿಲ್ಲ. ಹೇಳಲೇಬೇಕೆಂಬ ನಿಯಮವೂ ಆಗ ಆ ಪತ್ರಿಕೆಗೆ ಇರಲಿಲ್ಲ. ಹಳೆಯ ಪತ್ರಗಳನ್ನು ಕ್ಯಾಲಿಫೋರ್ನಿಯಾದ ಸಂಶೋಧಕರು ಹುಡುಕಿ ತೆಗೆದು ಬಹಿರಂಗ ಮಾಡಿದ್ದು 2016ರಲ್ಲಿ. ನಡುವೆ ಸುಮಾರು 50 ವರ್ಷ ಕಳೆದಿತ್ತು. ಬೆಣ್ಣೆ, ತಾಳೆ ಎಣ್ಣೆಯಂಥವುಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ ಹೃದಯಕ್ಕೆ ಒಳ್ಳೆಯದಲ್ಲ ಎಂಬುದು ಈಗಲೂ ನಿಜ, ಅದನ್ನು ತಳ್ಳಿಹಾಕಬೇಡಿ. ಆದರೆ ಇಬ್ಬರು ತಪ್ಪಿತಸ್ಥರಿದ್ದಾಗ ಒಬ್ಬನ ಹೆಸರನ್ನಷ್ಟೇ ಕೂಗುವುದು ಪ್ರಾಮಾಣಿಕತೆಯಲ್ಲ. ಆಹಾರದ ಬಗ್ಗೆ ಯಾವ ಅಧ್ಯಯನ ಓದಿದರೂ ‘ಹಣ ಯಾರದ್ದು’ ಎಂದು ಒಂದು ಸಾಲು ಹುಡುಕುವ ಅಭ್ಯಾಸ ನನಗೆ ಬಂದದ್ದು ಇದರಿಂದಲೇ.

ಇನ್ನು ಪ್ಯಾಕೆಟ್ ಆಹಾರ ಪೂರ್ತಿ ಬಿಡಬೇಕೇ ಎಂಬ ಪ್ರಶ್ನೆ. ಬೇಡ. ಪ್ಯಾಕೆಟ್ ಆಗಿದ್ದೆಲ್ಲ ಕೆಟ್ಟದ್ದಲ್ಲ. ಪಾಶ್ಚರೀಕರಿಸಿದ ಹಾಲು ಪ್ಯಾಕೆಟ್ಟಿನದ್ದೇ. ಬೇಳೆ, ಕಾಳು, ಸಾದಾ ಓಟ್ಸ್, ಫ್ರೀಜ್ ಮಾಡಿದ ಬಟಾಣಿ ಎಲ್ಲವೂ ಪ್ಯಾಕೆಟ್ಟಿನಲ್ಲಿ ಬರುತ್ತವೆ. ಉಪ್ಪಿಗೆ ಅಯೋಡಿನ್ ಬೆರೆಸಿದ್ದರಿಂದ ಎಷ್ಟೋ ಮಕ್ಕಳ ಬುದ್ಧಿಯ ಬೆಳವಣಿಗೆ ಉಳಿದಿದೆ, ಅದೂ ಕಾರ್ಖಾನೆಯ ಕೆಲಸವೇ. ಪದಾರ್ಥಗಳ ಪಟ್ಟಿಯಲ್ಲಿ ಸೇರ್ಪಡೆಗಳನ್ನು ಗುರುತಿಸುವ ‘ಇ’ ಅಂಕಿ ಕಂಡ ಕೂಡಲೇ ವಿಷ ಎಂದು ಕೂಗುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಇ 300 ಎಂದರೆ ವಿಟಮಿನ್ ಸಿ. ಇ 330 ಎಂದರೆ ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲ. ಜನರ ಹೆದರಿಕೆಯನ್ನು ಮಾರುವುದೂ ಅಪ್ರಾಮಾಣಿಕತೆಯೇ, ಅದು ಕಂಪನಿಯ ವಿರುದ್ಧವಾಗಿದ್ದರೂ.

ನಾನು ದೂರ ಇಡಿ ಎನ್ನುವುದು ಬೇರೆ ಗುಂಪನ್ನು. ಧಾನ್ಯವನ್ನೋ ಎಣ್ಣೆಯನ್ನೋ ಒಡೆದು ಬಿಡಿ ಭಾಗ ಮಾಡಿ, ಅದಕ್ಕೆ ಬಣ್ಣ, ಪರಿಮಳ, ಸಿಹಿ ಸೇರಿಸಿ ಮತ್ತೆ ಜೋಡಿಸಿದ ತಿನಿಸುಗಳು. ಅಲ್ಟ್ರಾ ಪ್ರೊಸೆಸ್ಡ್ ಅನ್ನುತ್ತಾರಲ್ಲ, ಅವು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇರಿಸಿಕೊಂಡು ಒಂದು ಪ್ರಯೋಗ ಮಾಡಿದರು. ಎರಡು ವಾರ ಇಂಥ ತಿನಿಸು, ಎರಡು ವಾರ ಸಾದಾ ಅಡುಗೆ. ಬಡಿಸಿದ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಎರಡೂ ಕಡೆ ಹೊಂದುವಂತೆ ನೋಡಿಕೊಂಡಿದ್ದರು. ಎಷ್ಟು ಬೇಕೋ ಅಷ್ಟು ತಿನ್ನಿ ಎಂದಿದ್ದರು. ಕಾರ್ಖಾನೆಯ ತಿನಿಸು ಸಿಕ್ಕ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಎರಡು ವಾರದಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ತೂಕ ಏರಿತು. ಸಾದಾ ಅಡುಗೆಯ ಎರಡು ವಾರದಲ್ಲಿ ಅಷ್ಟೇ ಇಳಿಯಿತು. ಪ್ರಯೋಗ ಚಿಕ್ಕದು, ಅವಧಿಯೂ ಕಡಿಮೆ. ಆದರೂ ನಾನು ಇದನ್ನು ಎಲ್ಲ ತಂದೆತಾಯಿಯರಿಗೂ ಹೇಳುತ್ತೇನೆ. ಪ್ಯಾಕೆಟ್ ಖಾಲಿಯಾಗುವವರೆಗೆ ಮಗು ಬಿಡದಿದ್ದರೆ ಅದು ಮಗುವಿನ ಚಪಲ ಅಲ್ಲ. ಮೆತ್ತಗೆ, ಬೇಗ ಕರಗುವ ಹಾಗೆ, ಇನ್ನೊಂದು ಬೇಕು ಅನ್ನಿಸುವ ಹಾಗೆ ಅದನ್ನು ರೂಪಿಸಿರುತ್ತಾರೆ. ಸಿಹಿ ಎಷ್ಟಿದ್ದರೆ ನಾಲಿಗೆಗೆ ಅತಿ ಹೆಚ್ಚು ಹಿತ ಎಂಬ ಬಿಂದುವನ್ನು ಹುಡುಕಲು ನಾವು ಒಂದೇ ಬಿಸ್ಕತ್ತನ್ನು ಹತ್ತಾರು ಬಗೆಯಲ್ಲಿ ಮಾಡಿ ಜನರಿಗೆ ತಿನ್ನಿಸಿ ಅಂಕ ಹಾಕಿಸುತ್ತಿದ್ದೆವು. ಹತ್ತು ವರ್ಷದ ಹುಡುಗಿಯ ಮನಸ್ಸಿನ ಬಿಗಿ ಇದರ ಮುಂದೆ ನಿಲ್ಲಬೇಕು ಎನ್ನುವುದು ನ್ಯಾಯವೇ ಅಲ್ಲ. ಅದಕ್ಕೇ ‘ಎರಡೇ ತಿನ್ನು’ ಎಂದು ಪ್ಯಾಕೆಟ್ ಮುಂದಿಟ್ಟು ಕಾಯಬೇಡಿ. ಮನೆಗೆ ತರುವುದನ್ನೇ ಕಡಿಮೆ ಮಾಡಿ. ಸಂಜೆ ಹಸಿವಿಗೆ ಇಡೀ ಹಣ್ಣು, ಬೇಯಿಸಿದ ಕಾಳು, ಒಂದು ಹಿಡಿ ಬೀಜಗಳು ಇರಲಿ. ಕುಡಿಯಲು ನೀರು ಅಥವಾ ಸಕ್ಕರೆ ಹಾಕದ ಹಾಲು.

ತೂಕದ ಬಗ್ಗೆ ಒಂದು ಮಾತು. ಬೆಳೆಯುವ ಮಗುವಿಗೆ ಡಯಟ್ ಹಾಕಬೇಡಿ. ಊಟ ಬಿಡಿಸಬೇಡಿ. ಅವಳ ಮುಂದೆ ತೂಕದ ಮಾತು ಆಡಬೇಡಿ. ಎಷ್ಟು, ಹೇಗೆ ಎಂಬುದನ್ನು ಅವಳನ್ನು ನೋಡಿದ ಡಾಕ್ಟರೇ ಹೇಳಲಿ. ಮನೆಯಲ್ಲಿ ಬದಲಾವಣೆ ಮಾಡುವುದಾದರೆ ಎಲ್ಲರಿಗೂ ಒಂದೇ ಇರಲಿ, ಅವಳೊಬ್ಬಳಿಗೆ ಶಿಕ್ಷೆ ಅನ್ನಿಸಬಾರದು.

ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ‘ಎಲ್ಲದರಲ್ಲೂ ಕಲಬೆರಕೆ’ ಎನ್ನುವ ಬೇಸರ ನನಗೆ ಅರ್ಥವಾಗುತ್ತದೆ. 2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಗೆ ಮೆಲಮೈನ್ ಬೆರೆತ ಪ್ರಕರಣ ನೆನಪಿಸಿಕೊಳ್ಳಿ. ಮೆಲಮೈನ್ ಪ್ಲಾಸ್ಟಿಕ್ ತಟ್ಟೆ ಮಾಡಲು ಬಳಸುವ ರಾಸಾಯನಿಕ. ಹಾಲಿಗೆ ನೀರು ಬೆರೆಸಿದರೆ ಪ್ರೋಟೀನ್ ಕಡಿಮೆಯಾಗಿ ಸಿಕ್ಕಿಬೀಳುತ್ತಾರೆ. ಆದರೆ ಆಗ ಬಳಕೆಯಲ್ಲಿದ್ದ ಪರೀಕ್ಷೆ ಪ್ರೋಟೀನನ್ನು ನೇರವಾಗಿ ಅಳೆಯುತ್ತಿರಲಿಲ್ಲ, ನೈಟ್ರೋಜನ್ ಅಳೆದು ಅದರಿಂದ ಪ್ರೋಟೀನ್ ಇಷ್ಟು ಎಂದು ಲೆಕ್ಕ ಹಾಕುತ್ತಿತ್ತು. ಮೆಲಮೈನ್ ತೂಕದಲ್ಲಿ ಮೂರನೇ ಎರಡು ಪಾಲು ನೈಟ್ರೋಜನ್. ಸ್ವಲ್ಪ ಬೆರೆಸಿದರೆ ಸಾಕು, ನೀರು ಹಾಲು ಪರೀಕ್ಷೆಯಲ್ಲಿ ಪಾಸಾಯಿತು. ಆರು ಶಿಶುಗಳು ತೀರಿಕೊಂಡವು, ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಇದನ್ನು ಬರೆಯುವಾಗ ಈಗಲೂ ನನಗೆ ಸಂಕಟವಾಗುತ್ತದೆ. ಇಂಥದ್ದನ್ನು ಯಾವ ತಾಯಿಯೂ ಲೇಬಲ್ ಓದಿ ಪತ್ತೆ ಮಾಡಲಾರಳು. ಇದಕ್ಕೆ ಸರ್ಕಾರದ ಪ್ರಯೋಗಾಲಯ, ಆಗಾಗ ಮಾದರಿ ತೆಗೆದು ಪರೀಕ್ಷೆ, ಸಿಕ್ಕಿಬಿದ್ದವರಿಗೆ ಶಿಕ್ಷೆ ಬೇಕು. ಅದನ್ನು ನಾವು ಕೇಳಬೇಕು, ಕೇಳುತ್ತಲೇ ಇರಬೇಕು.

ಆದರೆ ಅದು ಬೇರೆ, ನಿಮ್ಮ ಮಗಳ ಸಂಜೆಯ ತಿಂಡಿ ಬೇರೆ. ಕಲಬೆರಕೆ ನಿಮ್ಮ ಕೈಯಲ್ಲಿಲ್ಲ. ಆ ಬಿಸ್ಕತ್ತಿನ ಸಕ್ಕರೆಯನ್ನು ಯಾರೂ ಕದ್ದು ಹಾಕಿಲ್ಲ, ಹಿಂಭಾಗದಲ್ಲಿ ಅಚ್ಚು ಹಾಕಿಯೇ ಕೊಟ್ಟಿದ್ದಾರೆ. ಒಂದನ್ನು ತಡೆಯಲಾಗುವುದಿಲ್ಲ ಅಂತ ಇನ್ನೊಂದನ್ನೂ ಬಿಟ್ಟುಬಿಡಲು ಆಗುತ್ತದೆಯೇ?

ಕಾನೂನಿನಿಂದ ಏನೂ ಆಗುವುದಿಲ್ಲ ಎಂದೂ ಅವರು ಹೇಳಬಹುದು. ಚಿಲಿ ದೇಶದ ವಿಷಯ ಹೇಳಿ. ಅಲ್ಲಿ 2016ರಿಂದ ಸಕ್ಕರೆ, ಉಪ್ಪು, ಸ್ಯಾಚುರೇಟೆಡ್ ಕೊಬ್ಬು ಅಥವಾ ಕ್ಯಾಲೊರಿ ಮಿತಿ ದಾಟಿದ ಪ್ಯಾಕೆಟ್ಟಿನ ಮುಂಭಾಗದಲ್ಲೇ ಎಂಟು ಮೂಲೆಯ ಕಪ್ಪು ಮುದ್ರೆ ಹಾಕಬೇಕು. ‘ಸಕ್ಕರೆ ಜಾಸ್ತಿ ಇದೆ’ ಅಂತ ನೇರವಾಗಿ ಬರೆಯಬೇಕು. ಮಕ್ಕಳನ್ನು ಸೆಳೆಯುವ ಕಾರ್ಟೂನ್ ಬೊಂಬೆಗಳನ್ನು ಅಂಥ ಪ್ಯಾಕೆಟ್‌ಗಳಿಂದ ತೆಗೆಸಿದರು. ಮುದ್ರೆ ಬಿದ್ದ ಸಿಹಿ ಪಾನೀಯಗಳ ಖರೀದಿ ಸುಮಾರು ಕಾಲು ಭಾಗ ಇಳಿಯಿತು. ಮುದ್ರೆ ತಪ್ಪಿಸಿಕೊಳ್ಳಲು ಎಷ್ಟೋ ಕಂಪನಿಗಳು ಸಕ್ಕರೆಯನ್ನೇ ಕಡಿಮೆ ಮಾಡಿದವು. ಒಳಗಿದ್ದು ನೋಡಿದವಳು ನಾನು, ಅದಕ್ಕೇ ಹೇಳುತ್ತೇನೆ. ಪಾಕ ಬದಲಿಸುವುದು ಕಂಪನಿಗೆ ಆಗದ ಕೆಲಸವಲ್ಲ. ಬದಲಿಸಲೇಬೇಕಾದ ಕಾರಣ ಬೇಕು, ಅಷ್ಟೇ.

ಕೊನೆಗೆ ಆ ಆರು ಡಬ್ಬಿ. ಎಸೆಯಬೇಡಿ, ಅದು ವಿಷವಲ್ಲ. ಮಗಳ ಮುಂದೆ ಎಸೆದರೆ ಇಷ್ಟು ದಿನ ಅಮ್ಮ ತನಗೆ ಏನೋ ಕೆಟ್ಟದ್ದನ್ನು ಕುಡಿಸಿದಳು ಎಂದು ಹೆದರುತ್ತಾಳೆ. ವಾರಕ್ಕೊಮ್ಮೆ ಒಂದು ಡಬ್ಬಿ ತೆಗೆದು ಮೂವರೂ ಹಂಚಿಕೊಳ್ಳಿ, ಅರ್ಧಕ್ಕರ್ಧ ನೀರು ಬೆರೆಸಿ, ಊಟದ ಜೊತೆಗೆ. ಮುಗಿದ ಮೇಲೆ ಮತ್ತೆ ತರಬೇಡಿ. ‘ಯಾಕಮ್ಮ, ಜ್ಯೂಸ್ ಇಲ್ವಾ’ ಎಂದು ಕೇಳಿದರೆ, ಅವಳೇ ಐದು ಚಮಚ ಎಣಿಸಿ ಹಾಕಿದ ಲೋಟವನ್ನು ನೆನಪಿಸಿ.